ಡಾಕ್ಟರಿ ಓದಿನ ಸಂದರ್ಶನಕ್ಕೆ ಸಿದ್ಧತೆ



ನಮ್ಮ ರಾಜ್ಯದ ಸರ್ಕಾರಿ ಕೋಟಾದ ಎಂ.ಬಿ.ಬಿ.ಎಸ್. ಸೀಟಿಗೆ ಸಂದರ್ಶನವಿಲ್ಲ, ನೀಟ್ ಪರೀಕ್ಷೆಯ ರ‍್ಯಾಂಕೇ ಆಧಾರ. “ಸಂದರ್ಶನದಲ್ಲಿ ಪಾಸು ಮಾಡಿಸುತ್ತೇನೆ” ಎಂದು ಹಣ ಕೇಳುವವರನ್ನು ನಂಬಬೇಡಿ.

ಆದರೆ 1948ರಲ್ಲಿ ಆರಂಭವಾದ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ನೀಟ್ ಅಂಕಗಳ ಮೇಲೆ ಆಯ್ದವರನ್ನು ಕರೆಸಿ ಸಂದರ್ಶನ ನಡೆಸುತ್ತದೆ. ನಿಮ್ಮ ಮಗನಿಗೋ ಮಗಳಿಗೋ ಕರೆ ಬಂದರೆ ಹೀಗೆ ಮಾಡಿ:

1. ಓದು ಮುಗಿಸಿದವರು ಸೇನೆಯ ವೈದ್ಯಾಧಿಕಾರಿಯಾಗಿ ದುಡಿಯಬೇಕೆಂಬ ಕರಾರುಂಟು. ಇದನ್ನು ಮನೆಯವರೆಲ್ಲ ಮೊದಲೇ ಕೂತು ಇತ್ಯರ್ಥ ಮಾಡಿಕೊಳ್ಳಿ. “ಸೇನೆಯೇ ಏಕೆ?” ಎಂದು ಕೇಳಿದರೆ ಮಕ್ಕಳು ತಮ್ಮ ಮನಸ್ಸಿನ ಮಾತನ್ನೇ ಹೇಳಲಿ.

2. ಕಂಠಪಾಠ ಬೇಡ. ಅಜ್ಜಿಯ ಕಾಯಿಲೆಯಲ್ಲಿ, ಹಸುವಿನ ಕಷ್ಟದ ಹೆರಿಗೆಯಲ್ಲಿ ತಾವು ಕಂಡದ್ದನ್ನು, ಮಾಡಿದ್ದನ್ನು ಹೇಳಲಿ. ಬೇಸಾಯದ ಮನೆಯೆಂದು ಮುಚ್ಚಿಡಬೇಕಾಗಿಲ್ಲ.

3. ತಿಳಿಯದ ಪ್ರಶ್ನೆಗೆ “ತಿಳಿಯದು” ಎನ್ನಲಿ. ಊಹಿಸಿ ಹೇಳುವುದು ಬೇಡ.

4. ಮೇಷ್ಟರನ್ನು ಕೇಳಿಕೊಂಡು, ದಿನಕ್ಕೆ ಅರ್ಧ ಗಂಟೆ ಹೊಸಬರೆದುರು ಇಂಗ್ಲಿಷಿನಲ್ಲಿ ಮಾತಾಡಿಸಿ.

ಟೊಮೆಟೊ ಸಸಿಯನ್ನು ನಾಟಿಗೆ ಮುಂಚೆ ನೀರು ಕಡಿಮೆ ಮಾಡಿ, ಬಿಸಿಲಿಗೆ ಒಡ್ಡಿ ಗಟ್ಟಿ ಮಾಡುತ್ತೇವಲ್ಲವೇ? ಮಡಿಯಿಂದ ಕಿತ್ತ ದಿನವೇ ಗಟ್ಟಿ ಮಾಡಲಾಗದು. ಮಕ್ಕಳ ಮಾತಿಗೂ ಇದೇ ನಿಯಮ, ಇಂದೇ ಆರಂಭಿಸಿ.

— ನಿಮ್ಮ ಗ್ರಾಮಸೇವಕ