ಮಗುವಿಗೊಬ್ಬ ಹಿರಿಯ

ವಿದ್ಯಾಸಂಸ್ಥೆಯೊಂದು ಬೆಳೆಯುವುದು ದಾನಿಗಳ ಔದಾರ್ಯದಿಂದ. ಒಬ್ಬರು ಕೊಠಡಿ ಕಟ್ಟಿಸುತ್ತಾರೆ, ಮತ್ತೊಬ್ಬರು ಪುಸ್ತಕ ಕೊಡಿಸುತ್ತಾರೆ, ಮಗದೊಬ್ಬರು ಪ್ರಸಾದನಿಲಯಕ್ಕೆ ಅಕ್ಕಿ ಕಳುಹಿಸುತ್ತಾರೆ. ಇವೆಲ್ಲವೂ ಸ್ತುತ್ಯವೇ. ಆದರೆ ಕೊಠಡಿ, ಪುಸ್ತಕ, ಅನ್ನ ಮೂರೂ ಒದಗಿದ ಬಳಿಕವೂ ಕೆಲವು ಮಕ್ಕಳು ಒಂದು ದಿನ ಸದ್ದಿಲ್ಲದೆ ಶಾಲೆ ಬಿಟ್ಟುಹೋಗುತ್ತಾರೆ. ಅಂತಹ ಮಗುವಿಗೆ ಇಲ್ಲದಿದ್ದುದೇನೆಂದು ವಿಚಾರಿಸಿದರೆ ಅನೇಕ ವೇಳೆ ದೊರೆಯುವ ಉತ್ತರ ಒಂದೇ: ತನ್ನ ಬರವನ್ನು ಎದುರುನೋಡುವ ಒಬ್ಬ ಹಿರಿಯ.

ಸಿದ್ದಾಪುರ ಸೀಮೆಯ ಹೇರೂರಿನಂತಹ ಮಲೆನಾಡಿನ ಊರುಗಳಲ್ಲಿ ಈ ಕೊರತೆ ಬೇಗನೆ ಕಣ್ಣಿಗೆ ಬೀಳುವುದಿಲ್ಲ. ತೋಟದ ಅಂಚಿನ ಮನೆಗಳು ಒಂದರಿಂದೊಂದು ದೂರ. ಮಳೆಗಾಲದಲ್ಲಿ ಮಗು ಶಾಲೆ ತಪ್ಪಿಸಿದರೆ ಹಳ್ಳ ತುಂಬಿರಬೇಕೆಂದು ಎಲ್ಲರೂ ಸುಮ್ಮನಾಗುತ್ತಾರೆ. ಕೊನೆಕೊಯ್ಲಿನ ದಿನಗಳಲ್ಲಿ ಕೂಲಿಗೆ ಹೋದ ತಂದೆತಾಯಿ ಅಡಿಕೆ ಸುಲಿದು ಮನೆಗೆ ಮರಳುವಷ್ಟರಲ್ಲಿ ಕತ್ತಲಾಗಿರುತ್ತದೆ. ‘ಇಂದು ಏನು ಓದಿದೆ?’ ಎಂದು ಕೇಳುವವರಿಲ್ಲದ ಮಗುವಿಗೆ, ಓದಿದರೂ ಒಂದೇ ಬಿಟ್ಟರೂ ಒಂದೇ ಎಂಬ ಭಾವ ಮೆಲ್ಲನೆ ಬಲಿಯುತ್ತದೆ.

ಒಬ್ಬ ಹಿರಿಯನ ಅಕ್ಕರೆ ಒಂದು ಮಗುವಿನ ಬಾಳನ್ನು ಎಷ್ಟರಮಟ್ಟಿಗೆ ಎತ್ತಬಲ್ಲದೆಂಬುದಕ್ಕೆ ನಿದರ್ಶನ ದೂರದಲ್ಲಿಲ್ಲ. ಶಿರಸಿಯ ಮೂಡಣ ಗಡಿಯಾಚೆಗೇ ಹಾನಗಲ್ಲು ಸೀಮೆ. ಅಲ್ಲಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಜನಿಸಿದ ಗದಿಗೆಯ್ಯನಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಅಣ್ಣ ಗುರುಬಸಯ್ಯನೂ ಅಂಧನೇ. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು (೧೮೬೭–೧೯೩೦) ಈ ಬಾಲಕನಲ್ಲಿ ಕಂಡದ್ದು ಕುರುಡನ್ನಲ್ಲ, ಕಂಠವನ್ನು. ಸ್ವಾಮಿಗಳು ತಾವೇ ಸಂಗೀತ ಕಲಿಸಲಿಲ್ಲ. ಕಲಿಸಬಲ್ಲವರನ್ನು ಗೊತ್ತುಮಾಡಿಕೊಟ್ಟರು, ಕಲಿಕೆ ಮುಗಿಯುವ ತನಕ ಬೆನ್ನಿಗೆ ನಿಂತರು. ನೀಲಕಂಠಬುವಾ ಮಿರಜಕರ ಅವರಂತಹ ವಿದ್ವಾಂಸರಲ್ಲಿ ಅಭ್ಯಾಸ ಮಾಡಿದ ಆ ಹುಡುಗನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆ ಪರಿಚಿತನಾದನು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ತಾವು ಪಡೆದುದನ್ನು ಗವಾಯಿಗಳು ತಮ್ಮಲ್ಲೇ ಇರಿಸಿಕೊಳ್ಳಲಿಲ್ಲ. ೧೯೧೪ರಲ್ಲಿ ದೇವಗಿರಿಯಲ್ಲಿ ಜನಿಸಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡು, ಸೋದರಮಾವನ ಆಸರೆಯಲ್ಲಿ ಬೆಳೆಯುತ್ತಿದ್ದ ಪುಟ್ಟಯ್ಯನನ್ನು ಅವರು ಕೈಹಿಡಿದು ಬೆಳೆಸಿದರು. ನಾಟಕ ಮಂಡಳಿ ಕಟ್ಟಿ, ಊರೂರು ತಿರುಗಿ, ಶಿಷ್ಯರಿಗೆ ಅನ್ನ ಮತ್ತು ವಿದ್ಯೆ ಎರಡನ್ನೂ ಉಣಿಸಿದರು. ಬಸವರಾಜ ರಾಜಗುರು ಅವರೂ ಈ ಗರಡಿಯಲ್ಲಿಯೇ ಪಳಗಿದವರು. ೧೯೪೪ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಬಳಿಕ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತವರು ಅದೇ ಪುಟ್ಟಯ್ಯ, ಅರ್ಥಾತ್ ಪಂಡಿತ ಪುಟ್ಟರಾಜ ಗವಾಯಿಗಳು. ೨೦೧೦ರಲ್ಲಿ ತಮ್ಮ ದೇಹಾಂತ್ಯದವರೆಗೂ ಅವರು ಅಂಧರೂ ಅನಾಥರೂ ಆದ ಅಸಂಖ್ಯ ಮಕ್ಕಳಿಗೆ ಹಿರಿಯರಾಗಿದ್ದರು. ಒಬ್ಬ ಬಾಲಕನಿಗೆ ನೀಡಿದ ಅಕ್ಕರೆ ಮೂರು ತಲೆಮಾರುಗಳಿಗೆ ಹರಿದ ಬಗೆಯಿದು.

ಇಂತಹ ಸೇವೆ ಮಹಾತ್ಮರಿಗೆ ಮಾತ್ರ ಸಾಧ್ಯವೆಂದು ಸಾಮಾನ್ಯರು ಹಿಂಜರಿಯಬೇಕಾಗಿಲ್ಲ. ೧೯೦೪ರಲ್ಲಿ ನ್ಯೂಯಾರ್ಕ್ ನಗರದ ಮಕ್ಕಳ ನ್ಯಾಯಾಲಯದ ಗುಮಾಸ್ತ ಅರ್ನೆಸ್ಟ್ ಕೋಲ್ಟರ್, ಕಟಕಟೆಗೆ ಬರುತ್ತಿದ್ದ ಬಾಲಕರ ಸ್ಥಿತಿಗೆ ಮರುಗಿ, ಒಬ್ಬೊಬ್ಬ ಗೃಹಸ್ಥನು ಒಬ್ಬೊಬ್ಬ ಹುಡುಗನಿಗೆ ಅಣ್ಣನಂತೆ ನಿಲ್ಲಬೇಕೆಂದು ಬೇಡಿಕೊಂಡನು. ಅದರಿಂದ ‘ಹಿರಿಯಣ್ಣ’ ಚಳವಳಿ ಹುಟ್ಟಿತು. ಅದರ ಪರಿಣಾಮವನ್ನು ಅಳೆದು ೧೯೯೫ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿರಿಯರ ಒಡನಾಟ ದೊರೆತ ಮಕ್ಕಳು ಶಾಲೆ ತಪ್ಪಿಸುವುದು ಗಮನಾರ್ಹವಾಗಿ ಕಡಿಮೆಯೆಂದು ಕಂಡುಬಂತು. ಆದರೆ ೨೦೦೨ರ ಮತ್ತೊಂದು ಪರಿಶೀಲನೆ ಎಚ್ಚರಿಕೆಯ ಮಾತನ್ನೂ ನುಡಿಯಿತು: ವರ್ಷ ಕಾಲ ಉಳಿದ ಒಡನಾಟ ಹೆಚ್ಚು ಫಲ ಕೊಟ್ಟರೆ, ಮೂರು ತಿಂಗಳೊಳಗೆ ಮುರಿದುಬಿದ್ದ ಒಡನಾಟದಿಂದ ಮಗುವಿನ ಆತ್ಮಗೌರವವೇ ಕುಗ್ಗಿತು. ಅರ್ಧಕ್ಕೆ ಬಿಡುವ ಅಕ್ಕರೆಗಿಂತ ಆರಂಭಿಸದಿರುವುದೇ ಲೇಸು.

ಆದುದರಿಂದ ಈ ಕಾರ್ಯಕ್ಕೆ ಮುಂದಾಗುವವರು ಮೊದಲು ತಮ್ಮನ್ನೇ ಅಳೆದುಕೊಳ್ಳಬೇಕು. ವಾರಕ್ಕೊಂದು ದಿನ, ಒಂದು ತಾಸು, ಒಂದು ಪೂರ್ಣ ವರ್ಷ: ಇಷ್ಟನ್ನು ತಪ್ಪದೆ ಕೊಡಬಲ್ಲವರೇ ಮಾತು ಕೊಡಬೇಕು. ಭೇಟಿಯು ಪೋಷಕರ ಒಪ್ಪಿಗೆಯಿಂದ, ಮುಖ್ಯೋಪಾಧ್ಯಾಯರ ಅರಿವಿನಲ್ಲಿ, ಶಾಲೆಯ ಜಗಲಿಯಂತಹ ನಾಲ್ವರ ಕಣ್ಣಿಗೆ ಬೀಳುವ ಸ್ಥಳದಲ್ಲಿ ನಡೆಯಬೇಕು. ಉಡುಗೊರೆ, ಹಣಗಳಿಂದ ಮಗುವನ್ನು ಋಣಿಯಾಗಿಸಬಾರದು. ತಂದೆತಾಯಿಯರನ್ನು ಅದರೆದುರು ಹಗುರವಾಗಿ ಕಾಣಬಾರದು. ಉಪದೇಶಕ್ಕಿಂತ ಆಲಿಸುವುದು ಹೆಚ್ಚಿರಲಿ. ತನಗೆ ತಿಳಿಯದ ವಿಷಯಕ್ಕೆ ತಿಳಿದವರನ್ನು ಹುಡುಕಿಕೊಡುವುದರಲ್ಲಿ ಸಂಕೋಚ ಬೇಡ. ಕುಮಾರಸ್ವಾಮಿಗಳು ಮಾಡಿದ್ದೂ ಅದನ್ನೇ. ಮಗುವಿಗೆ ಹಿಂಸೆಯಾಗುತ್ತಿದೆಯೆಂಬ ಸುಳಿವು ದೊರೆತರೆ ಅದನ್ನು ಗುಟ್ಟಾಗಿಡದೆ ಶಾಲೆಯ ಗಮನಕ್ಕೆ ತರಬೇಕು, ಮಕ್ಕಳ ಸಹಾಯವಾಣಿ ೧೦೯೮ಕ್ಕೆ ತಿಳಿಸಬೇಕು.

ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಇಂದು ವೈದ್ಯರಿದ್ದಾರೆ, ಕೃಷಿಕರಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ. ತಮ್ಮ ಬಾಲ್ಯದಲ್ಲಿ ತಮಗಾಗಿ ಬಾಗಿಲಲ್ಲಿ ನಿಂತು ಕಾದವರೊಬ್ಬರ ಮುಖ ಅವರಲ್ಲಿ ಅನೇಕರಿಗೆ ನೆನಪಿರಲೇಬೇಕು. ಆ ಋಣವನ್ನು ಹಿಂದಕ್ಕೆ ತೀರಿಸಲಾಗದು, ಏಕೆಂದರೆ ಕಾದವರು ಬಹುಮಟ್ಟಿಗೆ ಈಗ ಇಲ್ಲ. ಅದನ್ನು ಮುಂದಕ್ಕೆ, ಇನ್ನೊಂದು ಮಗುವಿಗೆ ಸಲ್ಲಿಸಬಹುದು. ದಾಸೋಹವೆಂಬ ಮಾತಿಗೆ ಅನ್ನದ ಅರ್ಥ ಎಷ್ಟು ಸಲ್ಲುವುದೋ, ವಾರಕ್ಕೊಂದು ತಾಸಿನ ಈ ಕಾಯುವಿಕೆಗೂ ಅಷ್ಟೇ ಸಲ್ಲುತ್ತದೆ.