ನೀರಿನ ಹಬ್ಬಕ್ಕೆ ಒಂದು ಅರ್ಜಿ

ಬೀದರ ಜಿಲ್ಲೆಯಲ್ಲಿ ಜಾತ್ರೆ ಬಹಳ, ಉರುಸು ಬಹಳ. ನೀರಿಗೂ ಒಂದು ಹಬ್ಬ ಮಾಡಬಹುದೇ? ಮಾಡಬಹುದು. ಮಾರ್ಚ್ 22 ವಿಶ್ವ ಜಲ ದಿನ. 1993ರಿಂದ ಲೋಕದ ತುಂಬ ಆಚರಿಸುತ್ತಾರೆ. ನಮ್ಮ ಕಡೆ ಬಾವಿ ನೀರು ತಳ ಕಾಣುವುದೂ ಆ ಹೊತ್ತಿಗೇ.

ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ಅಣೆಕಟ್ಟು ಇದೆ. ಅದರ ನೀರು ಬೀದರ ನಗರಕ್ಕೆ ಬರುತ್ತದೆ. ಔರಾದ ತಾಲ್ಲೂಕಿನಲ್ಲಿ ಮಾಂಜ್ರಾ ನದಿ ಹರಿಯುತ್ತದೆ. ಆದರೂ ಎಷ್ಟೋ ಹಳ್ಳಿಗೆ ಬಾವಿ, ಬೋರೇ ಗತಿ. 2016ರ ಬೇಸಿಗೆ ನೆನಪಿದೆಯೇ? ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತಂದರು.

ಔರಾದ ತಾಲ್ಲೂಕಿನ ಒಂದು ಊರು ಅಂದುಕೊಳ್ಳಿ. ಸಂಘದ ಹೆಂಗಸರು ಸಂಜೆ ಕೂತಿದ್ದಾರೆ.

"ಹಬ್ಬ ಅಂದ್ರ ಪೆಂಡಾಲು, ಮೈಕು, ಹಾರ. ರೊಕ್ಕ ಎಲ್ಲಿಂದ ತರೋದು?" ಒಬ್ಬಾಕೆ ಕೇಳಿದಳು.

"ಹಾರ ಯಾಕ ಬೇಕವ್ವಾ? ನಮ್ಮ ಬಾವಿ ನೀರು ಕುಡೀಬಹುದೋ ಇಲ್ಲೋ, ಮೊದಲ ಅದು ಗೊತ್ತಾಗಲಿ" ಎಂದಳು ಹಿರಿಯ ಅಕ್ಕ. ಹೋದ ಮಳೆಗಾಲದಲ್ಲಿ ಅವಳ ಮೊಮ್ಮಗಳಿಗೆ ವಾಂತಿಭೇದಿ ಆಗಿತ್ತು. ಮೂರು ದಿನ ದವಾಖಾನೆಯಲ್ಲಿ ಇದ್ದಳು.

ಅಕ್ಕನ ಮಾತು ಸರಿ. ತಿಳಿ ನೀರಿನಲ್ಲೂ ರೋಗಾಣು ಇರಬಹುದು. ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷೆ ಮಾಡಬೇಕು. 2019ರಲ್ಲಿ ಜಲ ಜೀವನ ಮಿಷನ್ ಶುರುವಾಯಿತು. ಪ್ರತಿ ಊರಿನ 5 ಮಂದಿ ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸಬೇಕು ಎಂದು ಅದರಲ್ಲಿ ಹೇಳಿದೆ. ನಿಮ್ಮ ಊರಿನಲ್ಲಿ ಆ ಐವರು ಯಾರು? ಪಂಚಾಯಿತಿಯಲ್ಲಿ ಕೇಳಿ.

ಹಬ್ಬದಲ್ಲಿ ಇನ್ನೇನು ಮಾಡಬಹುದು? ಬೀಸುವ ಪದ, ಬುಲಾಯಿ ಪದ ನಮಗೆ ಬರುತ್ತವೆ. ನೀರಿನ ಮೇಲೆ ಹೊಸದು ಕಟ್ಟಬಹುದು. ಒಂದು ದಿನ ನೌಬಾದಕ್ಕೂ ಹೋಗಿ ಬರಬಹುದು.

ನೌಬಾದ ಬೀದರ ನಗರದ ಅಂಚಿನಲ್ಲಿದೆ. ಅಲ್ಲಿ ಬಹಮನಿ ಸುಲ್ತಾನರ ಕಾಲದ ಸುರಂಗ ಬಾವಿ ಇದೆ. ಕರೇಜ್ ಎಂದೂ ಕರೆಯುತ್ತಾರೆ. ನೆಲದ ಒಳಗೆ ಕೆಂಪು ಕಲ್ಲು ಕೊರೆದು ಉದ್ದಕ್ಕೆ ದಾರಿ ಮಾಡಿದ್ದಾರೆ. ಮಳೆ ನೀರು ಕಲ್ಲಿನಲ್ಲಿ ಇಳಿದು, ಜಿನುಗಿ ಈ ದಾರಿಗೆ ಬರುತ್ತದೆ. ದಾರಿ ಸ್ವಲ್ಪ ಇಳಿಜಾರು. ಅದಕ್ಕೇ ಪಂಪು ಇಲ್ಲದೆ ನೀರು ತಾನೇ ಹರಿಯುತ್ತದೆ. ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿಗಳಿವೆ. ಅವುಗಳಿಂದ ಒಳಗೆ ಗಾಳಿ ಬರುತ್ತದೆ, ಹೂಳು ತೆಗೆಯಬಹುದು. ಬಹಳ ವರ್ಷ ಸುರಂಗ ಹೂಳು ತುಂಬಿ ಮರೆತುಹೋಗಿತ್ತು. ಸುಮಾರು 2015ರಲ್ಲಿ ಜಿಲ್ಲಾಡಳಿತ ಹೂಳು ತೆಗೆಸಿತು. ನೀರು ಮತ್ತೆ ಕಂಡಿತು.

ಔರಾದ ಕಡೆ ಹೆಚ್ಚಾಗಿ ಕರಿ ಮಣ್ಣು. ನೆಲ ಬೇರೆ. ಆದರೂ ಮಳೆ ನೀರು ಇಂಗದೆ ಯಾವ ಬಾವಿಯೂ ತುಂಬುವುದಿಲ್ಲ.

"ಪಂಚಾಯಿತಿಗೆ ಬಾಯಿಲೆ ಹೇಳಿದ್ರ ಸಾಕಲ್ಲ?" ಇನ್ನೊಬ್ಬಾಕೆ ಕೇಳಿದಳು. ಸಾಲದು. ಅಧ್ಯಕ್ಷರು ಬದಲಾಗುತ್ತಾರೆ. ಪಿಡಿಓಗೆ ವರ್ಗ ಆಗುತ್ತದೆ. ಬರೆದು ಕೊಡಬೇಕು. "ಸಹಾಯ ಮಾಡಿ" ಎಂದಷ್ಟೇ ಬರೆದರೆ "ನೋಡೋಣ" ಎನ್ನುತ್ತಾರೆ. ಏನು ಬೇಕು, ಯಾವಾಗ ಬೇಕು, ಬಿಡಿಸಿ ಬರೆಯಿರಿ. ರೊಕ್ಕದ ಮಾತು ಕೊನೆಗೆ ಇರಲಿ.

ಆ ಹೆಂಗಸರು ಬರೆದ ಅರ್ಜಿ ಹೀಗಿದೆ:

ದಿನಾಂಕ: ............

ಮಾನ್ಯ ಅಧ್ಯಕ್ಷರು ಮತ್ತು ಅಭಿವೃದ್ಧಿ ಅಧಿಕಾರಿಗಳಿಗೆ,
ಗ್ರಾಮ ಪಂಚಾಯಿತಿ ............, ತಾಲ್ಲೂಕು ಔರಾದ, ಜಿಲ್ಲೆ ಬೀದರ.

ವಿಷಯ: ನೀರಿನ ಹಬ್ಬಕ್ಕೆ ನೆರವು ಕೋರಿ.

ಮಾನ್ಯರೇ,
ಮಾರ್ಚ್ 22ರಂದು ಶಾಲೆಯ ಅಂಗಳದಲ್ಲಿ ನೀರಿನ ಹಬ್ಬ ಮಾಡುತ್ತೇವೆ. ಅದಕ್ಕೆ ಮುಂಚೆ ಬಾವಿ ಮತ್ತು ಬೋರಿನ ನೀರು ಪರೀಕ್ಷೆ ಮಾಡಿಸಬೇಕು. ಬಂದ ಫಲವನ್ನು ಹಬ್ಬದ ದಿನ ಊರಿಗೆ ಓದಿ ಹೇಳಬೇಕು. ಬಾವಿ ಸುತ್ತಲಿನ ಕೊಳಚೆ ತೆಗೆಸಬೇಕು. ನೌಬಾದ ನೋಡಲು 30 ಹೆಂಗಸರಿಗೆ ಒಂದು ದಿನ ವಾಹನ ಬೇಕು. ಮೈಕಿನ ಬಾಡಿಗೆ ಪಂಚಾಯಿತಿ ಕೊಡಬೇಕೆಂದು ಕೋರುತ್ತೇವೆ. ಊಟದ ಖರ್ಚು ನಮ್ಮ ಸಂಘದ್ದು.
ಇತಿ, ಸಂಘದ ಸದಸ್ಯರು.
(ಸಹಿಗಳು)

ಸಹಿಗೆ ಜಾಗ ಹೆಚ್ಚು ಬಿಡಿ. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದವರೂ ಈಗ ಹೆಸರು ಬರೆಯುತ್ತಾರೆ. ಹೊಸ ಕೈಗೆ ಅಕ್ಷರ ದೊಡ್ಡದಾಗುತ್ತದೆ.

ಅರ್ಜಿ ಎರಡು ಪ್ರತಿ ಮಾಡಿ. ಒಂದು ಕೊಡಿ. ಇನ್ನೊಂದರ ಮೇಲೆ "ಮುಟ್ಟಿದೆ" ಎಂದು ಸಹಿ, ಸಿಕ್ಕಾ ಹಾಕಿಸಿಕೊಳ್ಳಿ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅಲ್ಲಿ ಅರ್ಜಿ ಓದಿ. ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದನ್ನು ಓದಿಸಿ ಕೇಳಿ. ಉತ್ತರ ಬರದಿದ್ದರೆ ತಾಲ್ಲೂಕು ಪಂಚಾಯಿತಿಯ ಇಓ ಅವರಿಗೆ ಕೊಡಿ. ಬೀದರ ನಗರದಲ್ಲಿ, ಭಾಲ್ಕಿ, ಔರಾದ ಪಟ್ಟಣದಲ್ಲಿ ಇರುವವರು ತಮ್ಮ ನಗರ ಇಲ್ಲವೆ ಪಟ್ಟಣದ ಆಡಳಿತ ಕಚೇರಿಗೆ ಕೊಡಬೇಕು.

ಮಾತಾಡಿ, ಬರೆಯಿರಿ

ನಿಮ್ಮ ಊರಿನ ಬಾವಿ ನೀರನ್ನು ಕೊನೆಗೆ ಪರೀಕ್ಷೆ ಮಾಡಿದ್ದು ಯಾವಾಗ?

ಮೇಲಿನ ಅರ್ಜಿಯಲ್ಲಿ ನಿಮ್ಮ ಊರಿಗೆ ಬೇಡವಾದದ್ದು ಯಾವುದು? ಅದನ್ನು ಬಿಟ್ಟು, ಬೇಕಾದದ್ದು ಸೇರಿಸಿ, ನಿಮ್ಮ ಅರ್ಜಿ ಬರೆಯಿರಿ.