ಮೊಣಕಾಲು ನೋವು: ಎಣ್ಣೆ, ಶಾಖ, ವ್ಯಾಯಾಮ ಮತ್ತು ಹೆಸರಿಲ್ಲದ ಪುಡಿ



ಐವತ್ತು ದಾಟಿದವರನ್ನು ಕಾಡುವ ದೀರ್ಘಕಾಲದ ಬೇನೆಗಳಲ್ಲಿ ಮೊಣಕಾಲು ನೋವು ಮುಖ್ಯವಾದುದು. ಕುಕ್ಕರುಗಾಲಿನಲ್ಲಿ ಕುಳಿತು ಕಳೆ ತೆಗೆದವರು, ತಲೆಹೊರೆ ಹೊತ್ತವರು, ಮೈತೂಕ ಹೆಚ್ಚಿರುವವರು, ಇವರಲ್ಲಿ ಇದು ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಇನ್ನೂ ಹೆಚ್ಚು. ಎಲುಬುಗಳು ಕೂಡುವಲ್ಲಿ ಅವುಗಳ ತುದಿಗೆ ನುಣುಪಾದ ಹೊದಿಕೆಯೊಂದಿರುತ್ತದೆ. ಅದಕ್ಕೆ ಮೃದ್ವಸ್ಥಿ ಎಂದು ಹೆಸರು. ವಯಸ್ಸಾದಂತೆ ಅದು ಸವೆಯುತ್ತದೆ, ಕೀಲು ಆಗಾಗ ಬಾಯುತ್ತದೆ, ನೋವಿಗೆ ಹೆದರಿ ಕಾಲು ಆಡಿಸದೆ ತೊಡೆಯ ಸ್ನಾಯು ಸೊರಗುತ್ತದೆ. ಆಯುರ್ವೇದದಲ್ಲಿ ಇದನ್ನು ಸಂಧಿಗತ ವಾತ ಎನ್ನುತ್ತಾರೆ.

ಸವೆದ ಹೊದಿಕೆಯನ್ನು ಮೊದಲಿನಂತೆ ಬೆಳೆಸುವ ಔಷಧಿ ಅಲೋಪತಿಯಲ್ಲೂ ಇಲ್ಲ, ಆಯುರ್ವೇದದಲ್ಲೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಲೇಸು. "ಮೂರು ತಿಂಗಳಲ್ಲಿ ಬುಡಸಮೇತ ಗುಣ" ಎಂಬ ಮಾತನ್ನು ನಂಬಿಯೇ ಅನೇಕರು ಹಣವನ್ನೂ ಆರೋಗ್ಯವನ್ನೂ ಕಳೆದುಕೊಳ್ಳುತ್ತಾರೆ. ಆದರೆ ನೋವನ್ನು ತಗ್ಗಿಸಿಕೊಂಡು ತಮ್ಮ ಕೆಲಸವನ್ನು ತಾವೇ ಮಾಡಿಕೊಂಡಿರುವುದು ಬಹಳ ಜನರಿಗೆ ಸಾಧ್ಯ.

ತೊಡೆಯ ಬಲವೇ ಮೊಣಕಾಲಿಗೆ ಆಸರೆ

ಕುರ್ಚಿಯ ಮೇಲೆ ನೆಟ್ಟಗೆ ಕುಳಿತು ಒಂದು ಕಾಲನ್ನು ಮುಂದಕ್ಕೆ ಚಾಚಿರಿ. ತೊಡೆ ಬಿಗಿಯಾಗಬೇಕು. ಮನಸ್ಸಿನಲ್ಲಿ ಹತ್ತು ಎಣಿಸಿ ಮೆಲ್ಲಗೆ ಇಳಿಸಿರಿ. ಹೀಗೆ ಪ್ರತಿ ಕಾಲಿಗೆ 10 ಸಲ, ಬೆಳಿಗ್ಗೆ ಮತ್ತು ಸಂಜೆ. ಕುಳಿತುಕೊಳ್ಳಲು ಆಗದವರು ಮಲಗಿಕೊಂಡು, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತಬೇಕು. ಮೊದಲ ವಾರ ಸ್ವಲ್ಪ ನೋಯುವುದು ಸಹಜ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ಹೆಚ್ಚಿನವರು ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾರೆ, ಆದ್ದರಿಂದ ಮನೆಯವರು ದಿನವೂ ನೆನಪಿಸಬೇಕು.

ಸಮತಟ್ಟಾದ ನೆಲದಲ್ಲಿ ನಡೆಯುವುದೂ ಔಷಧವೇ. ಹತ್ತು ನಿಮಿಷದಿಂದ ಆರಂಭಿಸಿರಿ. ಕೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಮೈತೂಕ ಒಂದು ಕಿಲೋ ಇಳಿದರೆ, ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ನೆಲದ ಮೇಲೆ ಕುಳಿತು ಇಷ್ಟಲಿಂಗ ಪೂಜೆ ಮಾಡಿಕೊಳ್ಳುವ ಹಿರಿಯರು "ಕುರ್ಚಿಯ ಮೇಲೆ ಕುಳಿತರೆ ನಡೆದೀತೇ?" ಎಂದು ಸಂಕೋಚದಿಂದ ಕೇಳುತ್ತಾರೆ. ಲಿಂಗವಿರುವುದು ತಮ್ಮ ಅಂಗೈಯಲ್ಲಿ. ಆಸನ ಒಂದೂವರೆ ಅಡಿ ಎತ್ತರವಾದರೆ ಭಕ್ತಿಗೆ ಏನೂ ಕೊರತೆಯಾಗದು. ಶೌಚಕ್ಕೂ ಕಮೋಡ್ ಕುರ್ಚಿ ಬಳಸಿರಿ.

ಎಣ್ಣೆ ಮತ್ತು ಶಾಖ

ಮೇಲೆ ಹಚ್ಚಿದ ಎಣ್ಣೆ ಕೀಲಿನೊಳಗೆ ಇಳಿದು, ಗಾಡಿಯ ಕೀಲಿಗೆ ಎಣ್ಣೆ ಬಿಟ್ಟಂತೆ ಕೆಲಸ ಮಾಡುವುದಿಲ್ಲ. ಆದರೂ ಬೆಚ್ಚಗಿನ ಎಣ್ಣೆಯಿಂದ ಮೆಲ್ಲಗೆ ನೀವಿದರೆ ಸ್ನಾಯುಗಳ ಬಿಗಿತ ಸಡಿಲಿಸುತ್ತದೆ, ಬಳಿಕ ವ್ಯಾಯಾಮ ಮಾಡುವುದು ಸುಲಭವಾಗುತ್ತದೆ. ಮಹಾನಾರಾಯಣ ತೈಲವಾದರೂ ಸರಿ, ಮನೆಯ ಎಳ್ಳೆಣ್ಣೆಯಾದರೂ ಸರಿ. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ತೈಲ ನಿಲ್ಲಿಸುವ ಜಾನುಬಸ್ತಿಯನ್ನು ಆಯುರ್ವೇದ ವೈದ್ಯರಿಂದಲೇ ಮಾಡಿಸಿಕೊಳ್ಳಬೇಕು.

ಬಿಸಿನೀರಿನ ಶಾಖ 15 ನಿಮಿಷ ಸಾಕು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಬಿಸಿ ತಿಳಿಯದೆ ಚರ್ಮ ಸುಟ್ಟುಹೋಗಬಹುದು. ಆದ್ದರಿಂದ ಜೊತೆಗಿರುವವರು ಮೊದಲು ತಮ್ಮ ಮೊಣಕೈಗೆ ತಾಗಿಸಿ ನೋಡಬೇಕು. ಎಕ್ಕೆ ಎಲೆಯನ್ನು ಬಿಸಿ ಮಾಡಿ ಕಟ್ಟುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಅದರ ಹಾಲು ತಾಗಿ ಚರ್ಮ ಬೊಬ್ಬೆ ಏಳುತ್ತದೆ, ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಅದನ್ನು ಬಿಡುವುದೇ ಮೇಲು.

ಹೆಸರಿಲ್ಲದ ಪುಡಿ

ಸಂತೆಯಲ್ಲೋ ಪರಿಚಯದವರ ಮೂಲಕವೋ ತಂದ ಪುಡಿಯ ಪೊಟ್ಟಣ, ಮೇಲೆ ಹೆಸರಿಲ್ಲ, ವಿಳಾಸವಿಲ್ಲ. ತಿಂದ ಎರಡೇ ದಿನಕ್ಕೆ ನೋವು ಮಾಯ! ಗಿಡಮೂಲಿಕೆ ಇಷ್ಟು ಬೇಗ ಕೆಲಸ ಮಾಡುವುದು ಅಪರೂಪ. ಇಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಅಥವಾ ನೋವಿನ ಮಾತ್ರೆ ಪುಡಿ ಮಾಡಿ ಬೆರೆಸಿರುವುದು ಪರೀಕ್ಷೆಗಳಲ್ಲಿ ಅನೇಕ ಸಲ ಕಂಡುಬಂದಿದೆ. ಇದು ಆಯುರ್ವೇದವಲ್ಲ, ಆಯುರ್ವೇದದ ಹೆಸರಿನಲ್ಲಿ ನಡೆಯುವ ಮೋಸ.

ಸ್ಟೀರಾಯ್ಡ್ ತಿಂಗಳುಗಟ್ಟಲೆ ಹೊಟ್ಟೆಗೆ ಹೋದರೆ ಮುಖ ದುಂಡಗೆ ಊದಿಕೊಳ್ಳುತ್ತದೆ, ಹಸಿವು ಹೆಚ್ಚುತ್ತದೆ. ರಕ್ತದ ಸಕ್ಕರೆ ಮತ್ತು ಬಿ.ಪಿ. ಏರುತ್ತವೆ. ಎಲುಬು ಟೊಳ್ಳಾಗುತ್ತದೆ. ಇನ್ನೊಂದು ಅಪಾಯ ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ದೇಹಕ್ಕೆ ಬೇಕಾದಷ್ಟು ಸ್ಟೀರಾಯ್ಡನ್ನು ತಾವೇ ತಯಾರಿಸುತ್ತವೆ. ಹೊರಗಿನಿಂದ ಬರತೊಡಗಿದರೆ ಅವು ಕೆಲಸ ನಿಲ್ಲಿಸಿ ಮಲಗಿಬಿಡುತ್ತವೆ. ಆಗ ಪುಡಿಯನ್ನು ಒಮ್ಮೆಲೇ ಬಿಟ್ಟರೆ ವಾಂತಿ, ಸುಸ್ತು, ಬಿ.ಪಿ. ಕುಸಿದು ಪ್ರಜ್ಞೆ ತಪ್ಪುವುದು, ಪ್ರಾಣಕ್ಕೇ ಸಂಚಕಾರ ಬರುವುದು ಉಂಟು. ಆದ್ದರಿಂದ ಹಲವು ವಾರಗಳಿಂದ ಇಂತಹ ಪುಡಿ ತಿನ್ನುತ್ತಿರುವವರು ಹೆದರಿ ತಾವಾಗಿಯೇ ಅದನ್ನು ಬಿಡಬಾರದು. ಪೊಟ್ಟಣದ ಸಮೇತ ತಡಮಾಡದೆ ವೈದ್ಯರ ಬಳಿ ಬರಬೇಕು. ಅವರು ಪರೀಕ್ಷಿಸಿ, ಹಂತಹಂತವಾಗಿ ಬಿಡಿಸುತ್ತಾರೆ. ಯಾರೂ ಬೈಯುವುದಿಲ್ಲ.

ಸರಿಯಾದ ಆಯುರ್ವೇದ ಔಷಧಿಯ ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ ಮತ್ತು ಒಳಗಿರುವ ವಸ್ತುಗಳ ಪಟ್ಟಿ ಇರಬೇಕು. ಓದಲು ಬಾರದವರು ಮಕ್ಕಳಿಂದಲೋ ಮೊಮ್ಮಕ್ಕಳಿಂದಲೋ ಓದಿಸಿಕೊಳ್ಳಿರಿ. ತಾವು ತೆಗೆದುಕೊಳ್ಳುವ ಕಷಾಯ, ಲೇಹ್ಯ, ಅರಿಸಿನದ ಮಾತ್ರೆ ಎಲ್ಲವನ್ನೂ ವೈದ್ಯರಿಗೆ ತಿಳಿಸಿರಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಂತೂ ಮರೆಯಲೇಬಾರದು.

ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆಗೂ ಇದೇ ಎಚ್ಚರಿಕೆ. ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಬಿ.ಪಿ. ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಹಚ್ಚುವ ನೋವಿನ ಮುಲಾಮು ಇದಕ್ಕಿಂತ ನಿರಪಾಯ.

ಬೇಗ ಬರಬೇಕಾದವರು

ಮೊಣಕಾಲು ಒಮ್ಮೆಲೇ ಬಾತು, ಕೆಂಪಾಗಿ ಬಿಸಿಯಾಗಿ, ಜ್ವರವೂ ಬಂದರೆ ಎಣ್ಣೆ ತಿಕ್ಕಬೇಡಿರಿ, ಶಾಖ ಕೊಡಬೇಡಿರಿ. ಕೀಲಿನಲ್ಲಿ ಕೀವು ಆಗಿರಬಹುದು, ಅದೇ ದಿನ ಆಸ್ಪತ್ರೆಗೆ ಬನ್ನಿರಿ. ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ನಿದ್ದೆ ಬಾರದಷ್ಟು ನೋವಿದ್ದರೆ, ಮನೆಯೊಳಗೂ ನಡೆಯಲು ಆಗದಿದ್ದರೆ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಎಲುಬು ತಜ್ಞರನ್ನು ಕೇಳಬಹುದು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಶಸ್ತ್ರಚಿಕಿತ್ಸೆ ಆದವರಿಗೂ ತೊಡೆಯ ಅದೇ ವ್ಯಾಯಾಮ ತಪ್ಪುವುದಿಲ್ಲ.